ಕಿರುನಾಣ್ಯದ ಮೇಲಿನ ದೊರೆ: ಕ್ವಾಟೆಮೋಕ್

ನಾಣ್ಯಸಂಗ್ರಹವು ಕೇವಲ ವಿನೋದವಲ್ಲ. ಅದು ಅಂಗೈಯಲ್ಲಿ ಹಿಡಿಯಬಹುದಾದ ಇತಿಹಾಸ. ಹೊನ್ನು ಬೆಳ್ಳಿಯ ನಾಣ್ಯಗಳನ್ನು ಅರಸುವವರು ಬಹುಮಂದಿ. ಆದರೆ ಒಂದು ನಾಡು ಯಾರನ್ನು ತನ್ನವನೆಂದು ನೆನೆಯುತ್ತದೆ ಎಂಬುದನ್ನು ತಿಳಿಯಬೇಕಾದರೆ ಅಲ್ಲಿನ ಸಾಮಾನ್ಯರ ಕೈಯಲ್ಲಿ ಓಡಾಡಿದ ಚಿಲ್ಲರೆ ಕಾಸನ್ನೇ ನೋಡಬೇಕು. ಮೆಕ್ಸಿಕೊ ದೇಶದ ಹಳೆಯ 50 ಸೆಂಟಾವೊ ನಾಣ್ಯ ಇದಕ್ಕೆ ಉತ್ತಮ ನಿದರ್ಶನ. ಪೇಸೊ ಎಂಬ ನಾಣ್ಯದ ನೂರನೆಯ ಒಂದು ಪಾಲು ಸೆಂಟಾವೊ. ಆದುದರಿಂದ ಇದು ಅರ್ಧ ಪೇಸೊ. ಅದರ ಒಂದು ಮಗ್ಗುಲಲ್ಲಿ ಪಾಪಾಸುಕಳ್ಳಿಯ ಮೇಲೆ ನಿಂತು ಹಾವನ್ನು ಹಿಡಿದಿರುವ ಹದ್ದು. ಅಜ್ಟೆಕರ ರಾಜಧಾನಿ ನೆಲೆಗೊಂಡ ಐತಿಹ್ಯದಿಂದ ಬಂದ ರಾಷ್ಟ್ರಲಾಂಛನವದು. ಇನ್ನೊಂದು ಮಗ್ಗುಲಲ್ಲಿ ಗರಿಗಳ ಶಿರೋಭೂಷಣವನ್ನು ಧರಿಸಿದ ವೀರನ ಪಾರ್ಶ್ವಮುಖ. ಅವನೇ ಅಜ್ಟೆಕರ ಕಡೆಯ ದೊರೆ ಕ್ವಾಟೆಮೋಕ್. ಅವರ ನಹುವಾತ್ಲ್ ಭಾಷೆಯಲ್ಲಿ ಆ ಹೆಸರಿಗೆ ಕೆಳಗೆರಗಿದ ಹದ್ದು ಎಂದು ಅರ್ಥ. ಹೀಗಾಗಿ ನಾಣ್ಯದ ಎರಡು ಮಗ್ಗುಲುಗಳಲ್ಲಿಯೂ ಹದ್ದೇ ನೆಲೆಸಿದೆ.

ಕ್ವಾಟೆಮೋಕನು ಹದಿನೈದನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜನಿಸಿದನು. ತಂದೆ ಅವಿಟ್ಸೋಟ್ಲ್ 1486ರಿಂದ 1502ರವರೆಗೆ ಆಳಿದ ಪ್ರತಾಪಶಾಲಿ. ಮಗನಿನ್ನೂ ಬಾಲಕನಾಗಿದ್ದಾಗಲೇ ಆತ ಕಾಲವಾದನು. ಅಜ್ಟೆಕ್ ಕುಲೀನರ ಮಕ್ಕಳ ವಿದ್ಯಾಭ್ಯಾಸವು ದೇವಾಲಯಕ್ಕೆ ಹೊಂದಿಕೊಂಡ ಕಾಲ್ಮೆಕಾಕ್ ಎಂಬ ವಿದ್ಯಾಲಯದಲ್ಲಿ ನಡೆಯುತ್ತಿತ್ತು. ನಸುಕಿನಲ್ಲೆದ್ದು ಕಸಗುಡಿಸುವುದು, ಉಪವಾಸ, ಜಾಗರಣೆ, ಪಂಚಾಂಗದ ಗಣನೆ, ಚಿತ್ರಲಿಪಿಯ ಗ್ರಂಥಗಳ ವಾಚನ, ತೂಕವಾದ ಮಾತಿನ ಅಭ್ಯಾಸ, ಇವೆಲ್ಲವೂ ಅಲ್ಲಿಯ ಪಾಠಗಳು. ಆ ಜನ ತಮ್ಮ ಅರಸನನ್ನು ಟ್ಲಾಟೊವಾನಿ ಎಂದು ಕರೆದರು. ನುಡಿಯಬಲ್ಲವನು ಎಂದು ಅದರರ್ಥ.

ಅವನ ನಾಡಿನಲ್ಲಿ ಟಂಕಿಸಿದ ನಾಣ್ಯವೆಂಬುದೇ ಇರಲಿಲ್ಲ. ನಮ್ಮ ಪೂರ್ವಿಕರು ಕವಡೆಗಳನ್ನೆಣಿಸಿ ವ್ಯವಹರಿಸಿದಂತೆ ಅವರು ಕೋಕೋ ಬೀಜಗಳನ್ನೆಣಿಸಿ ಕೊಡುಕೊಳ್ಳುತ್ತಿದ್ದರು. ದೊಡ್ಡ ವ್ಯವಹಾರಗಳಿಗೆ ಹತ್ತಿಯ ಬಟ್ಟೆಗಳು, ಗರಿಯ ಕೊಳವೆಯಲ್ಲಿ ತುಂಬಿದ ಚಿನ್ನದ ಪುಡಿ. ಕೋಕೋ ಸಿಪ್ಪೆಯೊಳಗೆ ಬೇರೇನನ್ನೋ ತುಂಬಿ ಖೋಟಾ ಬೀಜಗಳನ್ನು ಮಾಡುವ ವಂಚಕರೂ ಇದ್ದರು. ಟ್ಲಾಟೆಲೋಲ್ಕೊ ನಗರದ ಮಹಾಸಂತೆಯನ್ನು ಕಂಡು ಸ್ಪೇನಿನ ಸೈನಿಕರೇ ಬೆರಗಾದರು. ಆ ಟ್ಲಾಟೆಲೋಲ್ಕೊವನ್ನು ಆಳುವ ಹೊಣೆ ತರುಣ ಕ್ವಾಟೆಮೋಕನದಾಗಿತ್ತು.

1519ರ ನವೆಂಬರ್ 8ರಂದು ಹೆರ್ನಾನ್ ಕೊರ್ಟೆಸ್ ಸರೋವರದ ನಡುವಣ ರಾಜಧಾನಿ ಟೆನೋಚ್‌ಟಿಟ್ಲಾನನ್ನು ಪ್ರವೇಶಿಸಿದನು. ಅವನನ್ನು ಬರಮಾಡಿಕೊಂಡ ದೊರೆ ಮೊಕ್ಟೆಸುಮಾ ಅವನ ಸೆರೆಯಾಳಾಗಿ 1520ರಲ್ಲಿ ಮಡಿದನು. ರೊಚ್ಚಿಗೆದ್ದ ಜನ ಸ್ಪೇನಿನವರನ್ನು ಹೊರಗಟ್ಟಿದರಾದರೂ, ಆ ವಿಜಯದ ಬೆನ್ನಲ್ಲೇ ಸಮುದ್ರದಾಚೆಯಿಂದ ಬಂದ ಸಿಡುಬು ನಗರವನ್ನು ಹೊಕ್ಕಿತು. ಹೊಸ ದೊರೆ ಕ್ವಿಟ್ಲಾವಾಕ್ ಸುಮಾರು 80 ದಿನ ಆಳಿ ಆ ಮಾರಿಗೆ ಬಲಿಯಾದನು. ಇಪ್ಪತ್ತೈದರ ಆಸುಪಾಸಿನ ಕ್ವಾಟೆಮೋಕನ ಪಾಲಿಗೆ ಬಂದದ್ದು ಇಂತಹ ಸಿಂಹಾಸನ.

ಆ ಸಾಮ್ರಾಜ್ಯ ನಿರ್ದೋಷಿಯಾಗಿರಲಿಲ್ಲ ಎಂಬುದನ್ನು ಮರೆಯಲಾಗದು. ಅದರ ಕಪ್ಪಕಾಣಿಕೆಯ ಭಾರದಿಂದಲೂ ನರಬಲಿಗಾಗಿ ನಡೆಯುತ್ತಿದ್ದ ಯುದ್ಧಗಳಿಂದಲೂ ನೊಂದಿದ್ದ ಟ್ಲಾಸ್ಕಾಲಾ ಮೊದಲಾದ ನೆರೆಯ ಜನರು ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಕೊರ್ಟೆಸನ ಪಕ್ಷವನ್ನು ಸೇರಿದರು. ಪೂರ್ವಿಕರು ಮಾಡಿದ ಸಾಲವನ್ನು ಮೊಮ್ಮಕ್ಕಳು ತೀರಿಸುವಂತೆ, ಹಿಂದಿನವರ ದರ್ಪದ ಫಲವನ್ನು ಈ ತರುಣ ಉಣ್ಣಬೇಕಾಯಿತು. 1521ರ ಮೇ ತಿಂಗಳಲ್ಲಿ ಮುತ್ತಿಗೆ ಆರಂಭವಾಯಿತು. ಚಪುಲ್ಟೆಪೆಕ್ ಬೆಟ್ಟದಿಂದ ಬರುತ್ತಿದ್ದ ಸಿಹಿನೀರಿನ ಕಾಲುವೆಯನ್ನು ಶತ್ರುಗಳು ಕಡಿದರು. 13 ಹಡಗುಗಳನ್ನು ಕಟ್ಟಿ ಸರೋವರಕ್ಕಿಳಿಸಿದರು. ನಗರವಾಸಿಗಳು ಹಲ್ಲಿ, ಬೇರು, ತೊಗಲನ್ನು ತಿಂದು ಕಾದಿದರು. ಸಂಧಿಗೆ ಬಂದ ಕರೆಗಳನ್ನು ದೊರೆ ಒಪ್ಪಲಿಲ್ಲ. ಕಡೆಗೆ ಆಗಸ್ಟ್ 13ರಂದು ದೋಣಿಯಲ್ಲಿ ಹೊರಟಿದ್ದ ಅವನು ಸೆರೆಸಿಕ್ಕನು. ತನ್ನ ಊರನ್ನು ಉಳಿಸಲು ಮಾಡಬಹುದಾದುದನ್ನೆಲ್ಲ ಮಾಡಿಯಾಯಿತೆಂದೂ, ಇನ್ನು ಆ ಕಠಾರಿಯಿಂದ ತನ್ನನ್ನು ಕೊಂದುಬಿಡಬೇಕೆಂದೂ ಕೊರ್ಟೆಸನ ಸೊಂಟದ ಕಠಾರಿಯನ್ನು ಮುಟ್ಟಿ ಕೇಳಿಕೊಂಡನು.

ಕೊರ್ಟೆಸ್ ಗೌರವದ ಮಾತನ್ನಾಡಿದನು; ಆದರೆ ಆ ಗೌರವ ಬಹುಕಾಲ ಉಳಿಯಲಿಲ್ಲ. ನಿರೀಕ್ಷಿಸಿದಷ್ಟು ಚಿನ್ನ ದೊರೆಯದಿರಲು, ಕ್ವಾಟೆಮೋಕನನ್ನೂ ಅವನೊಡನಿದ್ದ ಟ್ಲಾಕೋಪಾನಿನ ಒಡೆಯನನ್ನೂ ಕಟ್ಟಿ, ಪಾದಗಳಿಗೆ ಎಣ್ಣೆ ಸವರಿ ಬೆಂಕಿಯಿಂದ ಸುಟ್ಟರು. ಉಳಿದುದನ್ನು ಸರೋವರಕ್ಕೆ ಎಸೆಯಲಾಯಿತೆಂಬುದಷ್ಟೇ ತಿಳಿದುಬಂದ ಸಂಗತಿ. ಮುಳುಗುಗಾರರು ನೀರಿಗಿಳಿದು ತಂದುದು ಅತ್ಯಲ್ಪ. 1524ರಲ್ಲಿ ಹೊಂಡುರಾಸಿನತ್ತ ಹೊರಟ ಕೊರ್ಟೆಸ್, ಹಿಂದೆ ಬಿಟ್ಟರೆ ದಂಗೆಯೇಳುವನೆಂಬ ಶಂಕೆಯಿಂದ ಅವನನ್ನೂ ಜೊತೆಗೆ ಕರೆದೊಯ್ದನು. 1525ರ ಫೆಬ್ರವರಿ ಮುಗಿಯುವ ಹೊತ್ತಿಗೆ, ದಟ್ಟಡವಿಯ ನಡುವೆ, ಒಳಸಂಚಿನ ಆರೋಪ ಹೊರಿಸಿ ಅವನನ್ನು ಗಲ್ಲಿಗೇರಿಸಲಾಯಿತು. ಆ ದಂಡಿನಲ್ಲಿದ್ದ ಬೆರ್ನಾಲ್ ಡಿಯಾಸ್ ಎಂಬ ಸೈನಿಕನೇ ಈ ಮರಣದಂಡನೆ ಅನ್ಯಾಯವೆಂದು ಮುಂದೆ ಬರೆದಿಟ್ಟನು.

ಮೆಕ್ಸಿಕೊ ನಗರದ ಟಂಕಸಾಲೆಯಿಂದ ಮೊದಲ ನಾಣ್ಯಗಳು ಹೊರಬಿದ್ದುದು 1536ರಲ್ಲಿ, ಅವನು ತೀರಿಕೊಂಡ 11 ವರ್ಷಗಳ ಬಳಿಕ. ಅವುಗಳ ಮೇಲಿದ್ದುದು ಸ್ಪೇನಿನ ಅರಸರ ಹೆಸರು. ದೇಶ ಸ್ವತಂತ್ರವಾದ ಮೇಲೆ ಸ್ಮರಣೆ ಮೆಲ್ಲನೆ ಚಿಗುರಿತು. 1887ರಲ್ಲಿ ಶಿಲ್ಪಿ ಮಿಗೆಲ್ ನೊರೆನ್ಯಾ ರೂಪಿಸಿದ ಅವನ ಪ್ರತಿಮೆ ರಾಜಧಾನಿಯ ಹೆದ್ದಾರಿಯಲ್ಲಿ ಸ್ಥಾಪಿತವಾಯಿತು. 1947 ಮತ್ತು 1948ರಲ್ಲಿ 30 ಗ್ರಾಂ ತೂಕದ ಬೆಳ್ಳಿಯ 5 ಪೇಸೊ ನಾಣ್ಯದ ಮೇಲೆ ಅವನ ಮುಖ ಮೂಡಿತು. 1949ರಲ್ಲಿ ಇಕ್ಸ್‌ಕಟೆಯೊಪಾನ್ ಎಂಬ ಗ್ರಾಮದಲ್ಲಿ ಅವನ ಅಸ್ಥಿಗಳು ದೊರೆತುವೆಂಬ ವಾರ್ತೆ ನಾಡನ್ನೇ ಪುಲಕಗೊಳಿಸಿದರೂ, ವಿದ್ವಾಂಸರ ಸಮಿತಿಗಳು ಅದನ್ನು ಒಪ್ಪಲಿಲ್ಲ. ಅವನ ಸಮಾಧಿ ಎಲ್ಲಿಯೂ ನಿಶ್ಚಿತವಾಗಲಿಲ್ಲ. ಮುಖ ಮಾತ್ರ ಮನೆಮನೆಯ ಹಣದ ಗಡಿಗೆಯನ್ನು ಸೇರಿತು. 1950ರಲ್ಲಿ ಅಲ್ಪ ಬೆಳ್ಳಿಯ ಮಿಶ್ರಲೋಹದಲ್ಲಿ, 1955ರಿಂದ 14 ಗ್ರಾಂ ತೂಕದ ಕಂಚಿನಲ್ಲಿ, 1964ರಿಂದ 1983ರವರೆಗೆ ತಾಮ್ರ ನಿಕ್ಕಲಿನಲ್ಲಿ 50 ಸೆಂಟಾವೊ ಅಚ್ಚಾಯಿತು.

ಸಂಗ್ರಾಹಕರು ಬೆಳ್ಳಿಯ ನಾಣ್ಯಕ್ಕೆ ಹೆಚ್ಚು ಬೆಲೆ ಕೊಡುವುದು ಸಹಜ. ಆದರೆ ಕಥೆ ಹೇಳುವುದು ಕಂಚಿನದೇ. ಉಬ್ಬಿದ ಭಾಗ ಮೊದಲು ಸವೆಯುವುದರಿಂದ ಹಲವು ನಾಣ್ಯಗಳಲ್ಲಿ ಗರಿ, ಕೆನ್ನೆಗಳು ನುಣುಪಾಗಿವೆ; ಅದು ಮಾರುಕಟ್ಟೆಯ ಅಸಂಖ್ಯಾತ ಬೆರಳುಗಳ ಗುರುತು. ಹುಳಿ ಹಚ್ಚಿ ತಿಕ್ಕಿ ಹೊಳಪೇರಿಸಿದರೆ ಆ ಗುರುತೂ ಅಳಿಯುತ್ತದೆ, ನಾಣ್ಯದ ಮೌಲ್ಯವೂ ಕುಗ್ಗುತ್ತದೆ. 1993ರಲ್ಲಿ 1000 ಹಳೆಯ ಪೇಸೊಗಳನ್ನು ಒಂದು ಹೊಸ ಪೇಸೊವೆಂದು ಎಣಿಸಿದಾಗ, ಹಳೆಯ ಅರ್ಧ ಪೇಸೊ ಹೊಸದರ ಎರಡು ಸಾವಿರದಲ್ಲೊಂದು ಪಾಲಿಗಿಳಿಯಿತು. 1992ರಿಂದ ಮುದ್ರಿತವಾದ ಹೊಸ ಮಾಲೆಯ ಚಿಲ್ಲರೆ ನಾಣ್ಯಗಳ ಮೇಲೆ, 1790ರಲ್ಲಿ ನೆಲದಡಿಯಿಂದ ಹೊರಬಂದ ಅಜ್ಟೆಕರ ಸೂರ್ಯಶಿಲೆಯ ವಲಯಗಳಿಂದಾಯ್ದ ಕೆತ್ತನೆಗಳು ಬಂದುವು.

ಹಣದ ಬೆಲೆ ಹೀಗೆ ಕರಗಬಹುದು. ಚಿನ್ನಕ್ಕಾಗಿ ಒಬ್ಬನ ಪಾದಗಳನ್ನು ಸುಟ್ಟವರಿಗೆ ದೊರೆತುದು ಹಿಡಿಯಷ್ಟು ಲೋಹ. ಸುಡಿಸಿಕೊಂಡವನಿಗಾದರೋ ತನ್ನ ನಾಡಿನ ಬಡವರ ಅಂಗೈಯಲ್ಲಿ ಸ್ಥಾನ ದೊರೆಯಿತು. ಸೋತ ದೊರೆಯೊಬ್ಬನಿಗೆ ಇದಕ್ಕಿಂತ ಹಿರಿದಾದ ಪಟ್ಟಾಭಿಷೇಕವಿಲ್ಲ.