ಆಲಿಸುವುದನ್ನೇ ಚಿಕಿತ್ಸೆಯಾಗಿಸಿದ ಕಾರ್ಲ್ ರೋಜರ್ಸ್

ನೊಂದು ಬಂದವರಿಗೆ ಬುದ್ಧಿ ಹೇಳುವುದು ಸುಲಭ; ಅವರ ಮಾತನ್ನು ಕೊನೆಯವರೆಗೆ ಕೇಳುವುದು ಕಷ್ಟ. ಹೆತ್ತವರಾಗಲಿ, ಗುರುಗಳಾಗಲಿ, ವೈದ್ಯರಾಗಲಿ, ಎದುರಿಗಿರುವವರು ಎರಡು ಮಾತನಾಡುವಷ್ಟರಲ್ಲಿ ಹತ್ತು ಮಾತಿನ ಪರಿಹಾರವನ್ನು ಸಿದ್ಧಪಡಿಸಿಕೊಂಡಿರುತ್ತಾರೆ. ಈ ಮಾನವ ಸಹಜ ಆತುರವನ್ನು ತಮ್ಮಲ್ಲಿಯೇ ಕಂಡುಕೊಂಡು, ಅದನ್ನು ಗೆದ್ದು, ಆಲಿಸುವುದನ್ನೇ ಒಂದು ಚಿಕಿತ್ಸೆಯ ಮಟ್ಟಕ್ಕೆ ಏರಿಸಿದವರು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್. ಆಪ್ತಸಲಹೆಯ ಶಾಸ್ತ್ರವನ್ನು ಅಭ್ಯಾಸ ಮಾಡುವವರು ಇಂದಿಗೂ ಅವರ ಹೆಸರನ್ನು ದಾಟಿ ಮುಂದೆ ಹೋಗುವಂತಿಲ್ಲ.

ರೋಜರ್ಸರು ಜನಿಸಿದ್ದು 1902ರ ಜನವರಿ 8ರಂದು, ಷಿಕಾಗೊ ಸಮೀಪದ ಓಕ್ ಪಾರ್ಕ್ ಎಂಬಲ್ಲಿ. ಆರು ಮಕ್ಕಳಲ್ಲಿ ಇವರು ನಾಲ್ಕನೆಯವರು. ತಂದೆ ತಾಯಿ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ವಿಶ್ವಾಸಿಗಳು. ಮನೆಯಲ್ಲಿ ಮದ್ಯವಿಲ್ಲ, ಇಸ್ಪೀಟಿಲ್ಲ, ನೃತ್ಯವಿಲ್ಲ, ನಾಟಕವಿಲ್ಲ. ಬಾಲಕನಿಗೆ ಹನ್ನೆರಡು ವರ್ಷವಾದಾಗ ಕುಟುಂಬವು ಹಳ್ಳಿಯ ಕೃಷಿಭೂಮಿಗೆ ಹೋಗಿ ನೆಲೆಸಿತು. ಗೆಳೆಯರಿಲ್ಲದ ಹುಡುಗ ರಾತ್ರಿ ಹಾರುವ ಪತಂಗಗಳನ್ನು ಗಮನಿಸುತ್ತ, ಬೇಸಾಯದ ಪ್ರಯೋಗಗಳನ್ನು ಕುರಿತ ಪುಸ್ತಕಗಳನ್ನು ಓದುತ್ತ ಬೆಳೆದ. ಗಿಡವನ್ನು ಎಳೆದು ಉದ್ದ ಮಾಡಲಾಗದು, ತಕ್ಕ ಮಣ್ಣು, ನೀರು, ಬೆಳಕು ದೊರೆತರೆ ಅದು ತಾನಾಗಿ ಬೆಳೆಯುತ್ತದೆ ಎಂಬುದು ತೋಟದ ಬದುಕನ್ನು ಬಲ್ಲ ನಮಗೆ ಹೊಸ ಮಾತಲ್ಲ. ಮುಂದೆ ರೋಜರ್ಸರು ಮನುಷ್ಯನನ್ನು ಕುರಿತು ಹೇಳಿದ್ದೂ ಬಹುಮಟ್ಟಿಗೆ ಇದನ್ನೇ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೃಷಿ ವಿದ್ಯಾರ್ಥಿಯಾಗಿ ಸೇರಿದ ಅವರು ಧರ್ಮಸೇವೆಯ ಹಂಬಲದಿಂದ ಇತಿಹಾಸದ ಕಡೆಗೆ ತಿರುಗಿದರು. 1922ರಲ್ಲಿ ಚೀನಾದ ಪೀಕಿಂಗ್ ನಗರದಲ್ಲಿ ನಡೆದ ವಿಶ್ವ ಕ್ರೈಸ್ತ ವಿದ್ಯಾರ್ಥಿ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋದದ್ದು ಅವರ ಚಿಂತನೆಯನ್ನು ವಿಸ್ತರಿಸಿತು. 1924ರಲ್ಲಿ ಹೆಲೆನ್ ಎಲಿಯಟ್ ಅವರನ್ನು ವಿವಾಹವಾಗಿ, ನ್ಯೂಯಾರ್ಕಿನ ಯೂನಿಯನ್ ದೈವಶಾಸ್ತ್ರ ವಿದ್ಯಾಲಯವನ್ನು ಸೇರಿದರು. ಎರಡು ವರ್ಷಗಳ ನಂತರ ಅದನ್ನು ಬಿಟ್ಟು ಕೊಲಂಬಿಯಾದಲ್ಲಿ ಮನೋವಿಜ್ಞಾನವನ್ನು ಆರಿಸಿಕೊಂಡರು. ಗೊತ್ತುಪಡಿಸಿದ ಒಂದು ಮತಸಿದ್ಧಾಂತಕ್ಕೆ ಬದ್ಧನಾಗಿದ್ದುಕೊಂಡು ಕೆಲಸ ಮಾಡುವುದು ತಮ್ಮಿಂದಾಗದೆಂದು ಅವರಿಗೆ ಅನಿಸಿತ್ತು.

1928ರಿಂದ ಹನ್ನೆರಡು ವರ್ಷ ಅವರು ರೋಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ದುಡಿದರು. ಅವರ ಬಾಳಿನ ದಿಕ್ಕನ್ನು ಬದಲಿಸಿದ ಘಟನೆ ನಡೆದದ್ದು ಇಲ್ಲಿಯೇ. ಹತೋಟಿ ಮೀರಿದ ಹುಡುಗನೊಬ್ಬನ ತಾಯಿ ಅವರಲ್ಲಿಗೆ ಬರುತ್ತಿದ್ದಳು. ಮಗನನ್ನು ಎಳವೆಯಲ್ಲಿ ತಾಯಿ ಮನಸಾರೆ ಒಪ್ಪಿಕೊಳ್ಳದಿದ್ದುದೇ ಎಲ್ಲಕ್ಕೂ ಕಾರಣವೆಂದು ರೋಜರ್ಸರು ತೀರ್ಮಾನಿಸಿದ್ದರು. ಇದನ್ನು ಆಕೆಗೆ ಮನಗಾಣಿಸಲು ಅನೇಕ ಭೇಟಿಗಳಲ್ಲಿ ಮೃದುವಾಗಿ ಯತ್ನಿಸಿದರು. ಫಲ ಸಿಗಲಿಲ್ಲ. ಇಬ್ಬರೂ ಪ್ರಯತ್ನಿಸಿ ಸೋತಿದ್ದೇವೆ, ಇನ್ನು ನಿಲ್ಲಿಸೋಣ ಎಂದಾಗ ಆಕೆಯೂ ಒಪ್ಪಿ, ಕೈಕುಲುಕಿ ಬಾಗಿಲವರೆಗೆ ನಡೆದಳು. ಅಲ್ಲಿ ಹಿಂತಿರುಗಿ ನಿಂತು, ಇಲ್ಲಿ ವಯಸ್ಕರಿಗೂ ಸಲಹೆ ನೀಡುವುದುಂಟೆ ಎಂದು ಕೇಳಿದಳು. ಉಂಟೆಂದು ತಿಳಿದಾಗ ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕುಳಿತು, ಕುಸಿಯುತ್ತಿದ್ದ ತನ್ನ ದಾಂಪತ್ಯ, ಗಂಡನೊಡನೆ ಹದಗೆಟ್ಟ ಸಂಬಂಧ, ತನ್ನ ಸೋಲಿನ ಭಾವನೆ ಎಲ್ಲವನ್ನೂ ತೋಡಿಕೊಂಡಳು. ಕಡತದಲ್ಲಿ ಬರೆದಿಟ್ಟಿದ್ದ ವಿವರಕ್ಕೂ ಈ ಮಾತುಗಳಿಗೂ ಹೋಲಿಕೆಯೇ ಇರಲಿಲ್ಲ. ರೋಜರ್ಸರು ಸುಮ್ಮನೆ ಕೇಳಿದರು. ನಿಜವಾದ ಚಿಕಿತ್ಸೆ ಅಂದು ಆರಂಭವಾಯಿತು. ಕ್ರಮೇಣ ತಾಯಿಯೂ ಚೇತರಿಸಿಕೊಂಡಳು, ಮಗನೂ ಸುಧಾರಿಸಿದನು. ನೋವು ಎಲ್ಲಿದೆ ಎಂಬುದು ನೊಂದವರಿಗೇ ಗೊತ್ತು, ದಾರಿಯನ್ನು ಅವರೇ ತೋರಬಲ್ಲರು ಎಂಬುದನ್ನು ಅವರು ಆ ತಾಯಿಯಿಂದ ಕಲಿತರು.

1940ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1942ರ ಗ್ರಂಥದಲ್ಲಿ, ನೆರವು ಬೇಡಿ ಬಂದವರನ್ನು ರೋಗಿ ಎನ್ನದೆ ಕ್ಲೈಂಟ್ ಎಂದು ಕರೆದರು. ಸಲಹೆಯ ಕೋಣೆಯೊಳಗಿನ ಮಾತುಕತೆಯನ್ನು ಧ್ವನಿಮುದ್ರಿಸಿ, ಅದನ್ನು ಪೂರ್ಣವಾಗಿ ಮುದ್ರಿಸಿ ಪರಿಶೀಲನೆಗೆ ಒಡ್ಡಿದರು. 1945ರಿಂದ ಷಿಕಾಗೊದಲ್ಲಿ ಸಲಹಾ ಕೇಂದ್ರವೊಂದನ್ನು ನಡೆಸಿದರು. ಅವರ ಪ್ರಕಾರ ಸಲಹೆಗಾರನಲ್ಲಿ ಮೂರು ಗುಣಗಳು ಮುಖ್ಯ: ಒಳಗೊಂದು ಹೊರಗೊಂದಿಲ್ಲದ ಪ್ರಾಮಾಣಿಕತೆ, ಷರತ್ತಿಲ್ಲದ ಆದರ, ಮತ್ತೊಬ್ಬರ ಅಂತರಂಗವನ್ನು ಅವರ ಕಣ್ಣಿನಿಂದಲೇ ಕಾಣುವ ಸಹಾನುಭೂತಿ.

ಈ ಕರುಣೆಗೆ ಅವರು ತೆತ್ತ ಬೆಲೆಯೂ ದೊಡ್ಡದು. 1949ರ ಸುಮಾರಿಗೆ ತೀವ್ರ ಮಾನಸಿಕ ಅಸ್ವಸ್ಥತೆಯಿದ್ದ ಮಹಿಳೆಯೊಬ್ಬಳಿಗೆ ನೆರವಾಗುತ್ತ ಅವರು ತಾವೇ ಕುಸಿಯುವ ಅಂಚಿಗೆ ಬಂದರು. ಆಕೆಯನ್ನು ಬೇರೊಬ್ಬ ವೈದ್ಯರಿಗೆ ಒಪ್ಪಿಸಿ, ಪತ್ನಿಯೊಡನೆ ಊರು ಬಿಟ್ಟು ಕೆಲವು ತಿಂಗಳು ದೂರವಿದ್ದರು. ಮರಳಿದ ಮೇಲೆ ತಮ್ಮ ಕಿರಿಯ ಸಹೋದ್ಯೋಗಿಯೊಬ್ಬರ ಮುಂದೆ ತಾವೇ ಸಹಾಯಾರ್ಥಿಯಾಗಿ ಕುಳಿತರು. ಇತರರಿಗೆ ನೀಡಿದ್ದ ಆದರವನ್ನು ತಾವು ಸ್ವೀಕರಿಸಲು ಕಲಿತದ್ದು ಆಗಲೇ.

1957ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಯೆಹೂದಿ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ಅವರೊಡನೆ ರೋಜರ್ಸರು ನಡೆಸಿದ ಸಂವಾದ ಮನನಯೋಗ್ಯವಾದುದು. ಸಲಹೆಗಾರನೂ ನೊಂದವನೂ ಸರಿಸಮಾನರಾಗಿ ಸಂಧಿಸುತ್ತಾರೆ ಎಂಬುದು ರೋಜರ್ಸರ ನಿಲುವು. ಒಬ್ಬನು ಬೇಡಿ ಬಂದವನು, ಇನ್ನೊಬ್ಬನು ನೀಡಲು ಕುಳಿತವನು, ಸಮಾನತೆ ಎಲ್ಲಿಯದು ಎಂಬುದು ಬೂಬರರ ಆಕ್ಷೇಪ. ಒಬ್ಬನನ್ನು ಇದ್ದಂತೆ ಒಪ್ಪಿಕೊಂಡರಷ್ಟೇ ಸಾಲದು. ಅವನು ಏನಾಗಬಲ್ಲನೋ ಅದಕ್ಕೂ ಆಸರೆಯಾಗಬೇಕು, ಒಮ್ಮೊಮ್ಮೆ ಅವನ ಪರವಾಗಿ ಅವನೊಡನೆಯೇ ಸೆಣಸಬೇಕು ಎಂದು ಅವರು ವಾದಿಸಿದರು.

ಕ್ರೈಸ್ತ ವಿಶ್ವಾಸಿಯ ಪ್ರಶ್ನೆಯೂ ಇದೇ. ಮನುಷ್ಯನು ಮೂಲತಃ ನಂಬಿಕೆಗೆ ಅರ್ಹನು ಎಂಬ ರೋಜರ್ಸರ ದೃಷ್ಟಿಯಲ್ಲಿ ಪಾಪದ ವಾಸ್ತವಕ್ಕೆ ತಕ್ಕ ಸ್ಥಾನವಿಲ್ಲ. 1967ರಲ್ಲಿ ಅವರು ಲಾಸ್ ಏಂಜಲಿಸ್‌ನ ಇಮ್ಯಾಕ್ಯುಲೇಟ್ ಹಾರ್ಟ್ ಭಗಿನಿಯರ ವಿದ್ಯಾಸಂಸ್ಥೆಗಳಲ್ಲಿ ಮುಕ್ತ ಮಾತುಕತೆಯ ಗುಂಪುಗಳನ್ನು ನಡೆಸಿದರು. 1970ರಲ್ಲಿ ಆ ಭಗಿನಿಯರ ಪೈಕಿ ಬಹುಪಾಲು ಮಂದಿ ತಮ್ಮ ಸನ್ಯಾಸ ವ್ರತಗಳಿಂದ ಹೊರಬಂದರು. ಅಲ್ಲಿನ ಮಹಾಧರ್ಮಾಧ್ಯಕ್ಷರೊಡನೆ ಬೆಳೆದ ಘರ್ಷಣೆಯೇ ಕಾರಣವೆನ್ನುವವರೂ ಈ ಗುಂಪುಗಳನ್ನು ದೂರುವವರೂ ಇದ್ದಾರೆ. ಆದರೂ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಸ್ತ್ರೀಯನ್ನು ಯೇಸುಸ್ವಾಮಿ ಮೊದಲು ಕಲ್ಲುಗಳಿಂದ ಕಾಪಾಡಿದರು, ತೀರ್ಪು ನೀಡಲೊಲ್ಲದೆ ನಿಂತರು. ಹೊಸ ಬಾಳಿನ ಕರೆ ಅನಂತರ ಬಂದಿತು. ಆ ಕ್ರಮದ ಮೊದಲರ್ಧವನ್ನು ರೋಜರ್ಸರು ನಮಗಿಂತ ಶ್ರದ್ಧೆಯಿಂದ ಪಾಲಿಸಿದರೆಂದು ಒಪ್ಪಬೇಕು.

ಇಳಿವಯಸ್ಸಿನಲ್ಲಿ ಉತ್ತರ ಐರ್ಲೆಂಡಿನ ಕಥೋಲಿಕರನ್ನೂ ಪ್ರಾಟೆಸ್ಟೆಂಟರನ್ನೂ, ದಕ್ಷಿಣ ಆಫ್ರಿಕದ ಕರಿಯರನ್ನೂ ಬಿಳಿಯರನ್ನೂ ಎದುರುಬದುರು ಕೂರಿಸಿ ಮಾತನಾಡಿಸಿದ ಅವರು 1987ರ ಫೆಬ್ರವರಿ 4ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು.

ಅವರ ಗ್ರಂಥಗಳು ನಮ್ಮ ಮನೆಗಳನ್ನು ತಲುಪದಿರಬಹುದು. ಅವರ ಪಾಠ ತಲುಪಬಹುದು. ಕಾಫಿಯ ಫಸಲು ಕೈಕೊಟ್ಟು ಸಾಲಕ್ಕೆ ಸಿಲುಕಿದ ಯಜಮಾನ, ಗಂಡನ ಮನೆಯಿಂದ ಮರಳಿ ಬಂದ ಮಗಳು, ಕುಡಿತವನ್ನು ಬಿಡಲಾಗದೆ ನಾಚಿರುವ ಮಗ, ಇವರೆಲ್ಲರೂ ವಯಸ್ಕರು. ಬುದ್ಧಿಮಾತು ಅವರಿಗೆ ಕಂಠಪಾಠವಾಗಿದೆ. ಒಂದು ಗಂಟೆ ಅವರ ಬಳಿ ಕುಳಿತು, ನಡುವೆ ಬಾಯಿ ಹಾಕದೆ, ಮುಖ ಸಿಂಡರಿಸದೆ ಕೇಳುವವರು ಬೇಕಾಗಿದ್ದಾರೆ. ರೋಚೆಸ್ಟರಿನ ಆ ತಾಯಿ ಬಾಗಿಲಲ್ಲಿ ಹಿಂತಿರುಗಿ ಕೇಳುವ ಧೈರ್ಯ ಮಾಡಿದಳು. ಎಲ್ಲರಿಗೂ ಆ ಧೈರ್ಯವಿರುವುದಿಲ್ಲ. ಆದ್ದರಿಂದ, ಅವರು ಬಾಗಿಲು ದಾಟುವ ಮೊದಲೇ ಕುರ್ಚಿ ಎಳೆದು ಕೂರಿಸುವುದು ನಮ್ಮ ಕರ್ತವ್ಯ.