ಹಾಲು ಬಿಟ್ಟ ಗಾಂಧೀಜಿ ಮೇಕೆ ಹಾಲು ಕುಡಿದದ್ದೇಕೆ? ವೀಗನ್ ಆಗುವ ಮುನ್ನ ತಿಳಿಯಬೇಕಾದ ಕಥೆ

ಗಾಂಧೀಜಿ ಮತ್ತು ಹಾಲಿನ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಮಾತು ಓಡಾಡುತ್ತವೆ. ಗಾಂಧೀಜಿ ವೀಗನ್ ಆಗಿದ್ದರು ಎಂಬುದು ಒಂದು. ಅಂಥ ಗಾಂಧೀಜಿಗೇ ಹಾಲಿಲ್ಲದೆ ಬದುಕಲು ಆಗಲಿಲ್ಲ, ಇನ್ನು ನಮಗೆ ನಿಮಗೆ ಆಗುತ್ತದೆಯೇ ಎಂಬುದು ಇನ್ನೊಂದು. ಜಯನಗರದಲ್ಲೋ ಬಿಟಿಎಂ ಲೇಔಟ್‌ನಲ್ಲೋ ಹಾಲು, ಮೊಸರು, ತುಪ್ಪ ಬಿಡಬೇಕೆಂದು ಯೋಚಿಸುತ್ತಿರುವ ಹುಡುಗ ಹುಡುಗಿಯರಿಗೆ ಗೆಳೆಯರು ಮೊದಲನೆಯದನ್ನು ಕಳಿಸುತ್ತಾರೆ, ಮನೆಯವರು ಎರಡನೆಯದನ್ನು.

ಎರಡರಲ್ಲೂ ಇರುವುದು ಅರ್ಧ ಸತ್ಯ. ಪೂರ್ತಿ ಕಥೆಯಲ್ಲಿ ನಮ್ಮ ಬೆಂಗಳೂರೂ ಬರುತ್ತದೆ. ಮೊದಲಿನಿಂದ ನೋಡೋಣ.

ಲಂಡನ್ನಿನಲ್ಲಿ ಶುರು

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಮನೆಯಲ್ಲಿ ಸಸ್ಯಾಹಾರ. 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೊರಟಾಗ ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಅಲ್ಲಿ ಹೊಟ್ಟೆ ತುಂಬ ಊಟ ಸಿಗದೆ ಅಲೆದಾಡಿ, ಕೊನೆಗೊಂದು ಸಸ್ಯಾಹಾರಿ ಹೋಟೆಲ್ ಹುಡುಕಿಕೊಂಡರು. ಅಲ್ಲೇ ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಪುಸ್ತಕ ಕೊಂಡು ಓದಿದರು. ಅದುವರೆಗೆ ತಾಯಿಗೆ ಕೊಟ್ಟ ಮಾತಿಗಾಗಿ ಸಸ್ಯಾಹಾರಿಯಾಗಿದ್ದವರು, ಆಮೇಲೆ ಸ್ವಂತ ನಂಬಿಕೆಯಿಂದ ಸಸ್ಯಾಹಾರಿಯಾದರು. ಲಂಡನ್ನಿನ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯನ್ನೂ ಸೇರಿದರು. ಆದರೆ ಆಗ ಹಾಲಿನ ಪ್ರಶ್ನೆ ಅವರ ತಲೆಯಲ್ಲಿರಲಿಲ್ಲ.

1912: ಹಾಲು ಬಂದ್

ಹಾಲನ್ನು ಬಿಟ್ಟದ್ದು ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ, 1912ರಲ್ಲಿ, ಗೆಳೆಯ ಹರ್ಮನ್ ಕಾಲನ್‌ಬಾಕ್ ಜೊತೆಗೂಡಿ. ಎರಡು ಕಾರಣಗಳಿದ್ದವು. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆ ಎಂಬ ನಂಬಿಕೆ ಮೊದಲನೆಯದು. ಇದಕ್ಕೆ ವಿಜ್ಞಾನದ ಆಧಾರವಿಲ್ಲ. ಎರಡನೆಯದು ಇಂದಿನ ವೀಗನ್‌ಗಳಿಗೂ ಹತ್ತಿರವಾದದ್ದು. ಹೆಚ್ಚು ಹಾಲು ಕರೆಯಲು ಹಸು, ಎಮ್ಮೆಗಳಿಗೆ ಕೊಡುವ ಹಿಂಸೆಯ ಬಗ್ಗೆ ಕಲ್ಕತ್ತೆಯಿಂದ ಬಂದ ಬರಹಗಳನ್ನು ಅವರು ಓದಿದ್ದರು.

ಹಾಲಿನ ಜಾಗದಲ್ಲಿ ಏನು ಬಂತು? ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆ. ದಕ್ಷಿಣ ಆಫ್ರಿಕಾದಲ್ಲಿದ್ದಾಗಲೇ, ಕಸ್ತೂರಬಾ ಅವರ ಕಾಯಿಲೆಯ ಸಮಯದಲ್ಲಿ, ಗಾಂಧೀಜಿ ಉಪ್ಪು ಮತ್ತು ಬೇಳೆಕಾಳನ್ನೂ ಬಿಟ್ಟಿದ್ದರು. 1915ರಲ್ಲಿ ಹರಿದ್ವಾರದ ಕುಂಭಮೇಳದ ಹೊತ್ತಿಗೆ ಇನ್ನೊಂದು ವ್ರತ ಸೇರಿತು: ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ತಿನ್ನುವಂತಿಲ್ಲ, ಕತ್ತಲಾದ ಮೇಲೆ ಊಟವಿಲ್ಲ. ಹೀಗೆ ತಟ್ಟೆ ಚಿಕ್ಕದಾಗುತ್ತಲೇ ಹೋಯಿತು. ಮುಂದೆ ಆದದ್ದನ್ನು ಓದುವಾಗ ಇದು ನೆನಪಿರಲಿ.

1918ರ ಕಾಯಿಲೆ, ಕಸ್ತೂರಬಾ ಕೊಟ್ಟ ದಾರಿ

1914ರಲ್ಲಿ ಲಂಡನ್ನಿನಲ್ಲಿ ಎದೆಯ ಪೊರೆಯ ಉರಿಯೂತದಿಂದ ಮಲಗಿದಾಗ ಡಾ. ಜೀವರಾಜ ಮೆಹ್ತಾ ಹಾಲು ಕುಡಿಯುವಂತೆ ಒತ್ತಾಯಿಸಿದರು. ಗೋಖಲೆಯವರೂ ಹೇಳಿ ನೋಡಿದರು. ಗಾಂಧೀಜಿ ಒಪ್ಪಲಿಲ್ಲ.

1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಜನ ಸೇರಿಸಲು ನಡೆದಾಡುತ್ತಿದ್ದಾಗ ಅವರ ಮುಖ್ಯ ಆಹಾರ ಅರೆದ ಕಡಲೆಕಾಯಿ ಮತ್ತು ನಿಂಬೆ. ಹೊಟ್ಟೆ ಕೆಟ್ಟಿತು. ಹಬ್ಬದ ದಿನ ಕಸ್ತೂರಬಾ ಮಾಡಿದ ಸಿಹಿ ಗಂಜಿ, ಹೆಸರುಕಾಳು ತಿಂದ ಮೇಲೆ ಅದು ಜೋರು ಆಮಶಂಕೆಯಾಯಿತು. ಔಷಧಿ ಬೇಡವೆಂದರು. ಸಾವು ಹತ್ತಿರ ಬಂದಿದೆ ಎಂದು ಅವರಿಗೇ ಅನ್ನಿಸುವಷ್ಟು ಸೋತುಹೋದರು.

1919ರ ಆರಂಭದಲ್ಲಿ ಮುಂಬೈಯಲ್ಲಿ ಡಾ. ದಲಾಲ್, ಹಾಲು ಕುಡಿಯದಿದ್ದರೆ ಮೈ ತುಂಬುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ವ್ರತವಿದೆ ಎಂದಾಗ ದಾರಿ ತೋರಿಸಿದವರು ಕಸ್ತೂರಬಾ. ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಯ ಹಾಲು. ಮೇಕೆ ಹಾಲಿಗೇನು ಅಡ್ಡಿ ಎಂಬುದು ಅವರ ವಾದ. ಗಾಂಧೀಜಿ ಒಪ್ಪಿದರು, ಚೇತರಿಸಿಕೊಂಡರು. ಆದರೆ ನೆಮ್ಮದಿ ಸಿಗಲಿಲ್ಲ. ವ್ರತದ ಅಕ್ಷರ ಉಳಿಸಿ ಅದರ ಜೀವ ತೆಗೆದೆ ಎಂಬ ಕೊರಗನ್ನು ಆತ್ಮಕಥೆಯಲ್ಲಿ ಬಚ್ಚಿಡದೆ ಬರೆದಿದ್ದಾರೆ.

ಆಡುಗೋಡಿಯ ಡೈರಿಯಲ್ಲಿ ಗಾಂಧೀಜಿ

1927ರ ಮಾರ್ಚ್‌ನಲ್ಲಿ ಪ್ರವಾಸದ ನಡುವೆ ರಕ್ತದೊತ್ತಡ ಏರಿ ಗಾಂಧೀಜಿ ಕುಸಿದರು. ವಿಶ್ರಾಂತಿಗೆ ನಂದಿ ಬೆಟ್ಟಕ್ಕೆ ಬಂದು ಸುಮಾರು ಒಂದೂವರೆ ತಿಂಗಳು ಇದ್ದರು. ಜೂನ್‌ನಲ್ಲಿ ಬೆಂಗಳೂರಿಗೆ ಇಳಿದು ಕುಮಾರ ಪಾರ್ಕ್‌ನಲ್ಲಿ ಉಳಿದರು.

ಆ ದಿನಗಳಲ್ಲಿ ಅವರು ಹೋಗುತ್ತಿದ್ದ ಒಂದು ಜಾಗವನ್ನು ದಕ್ಷಿಣ ಬೆಂಗಳೂರಿನವರು ಇಂದಿಗೂ ದಿನಾ ದಾಟುತ್ತಾರೆ. ಹೊಸೂರು ರಸ್ತೆಯ ಆಡುಗೋಡಿಯಲ್ಲಿ ಈಗ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆಯಲ್ಲ, ಅದು 1923ರಲ್ಲಿ ಬ್ರಿಟಿಷ್ ಸರ್ಕಾರದ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆಯಾಗಿ ಶುರುವಾಯಿತು. 57 ವರ್ಷದ ಗಾಂಧೀಜಿ ಅಲ್ಲಿ ವಿದ್ಯಾರ್ಥಿಯಂತೆ ಸುಮಾರು ಎರಡು ವಾರ ದನ ಸಾಕಣೆಯ ಪಾಠ ಕಲಿತರು. ಅಧಿಕಾರಿ ವಿಲಿಯಂ ಸ್ಮಿತ್ ಕಲಿಸಿದರು. ಮದನ ಮೋಹನ ಮಾಳವೀಯರೂ ಬಂದಿದ್ದರು. ಭೇಟಿ ಪುಸ್ತಕದಲ್ಲಿ ಗಾಂಧೀಜಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು.

ಹಸುವಿನ ಹಾಲು ಕುಡಿಯದ ಮನುಷ್ಯ ಡೈರಿಗೆ ಏಕೆ ಹೋದರು? ಹಸುವನ್ನು ಚೆನ್ನಾಗಿ ಸಾಕುವ ವಿಧಾನ ಕಲಿತರೆ ಮಾತ್ರ ಗೋರಕ್ಷಣೆ ಸಾಧ್ಯ ಎಂದು ಅವರು ನಂಬಿದ್ದರು. ಅಂದರೆ ಹಾಲು ಬಿಟ್ಟದ್ದು ಅವರ ಸ್ವಂತ ವ್ರತ. ಊರಿಗೆಲ್ಲ ಹಾಲು ಬೇಡವೆಂದು ಅವರು ಹೇಳಲಿಲ್ಲ. ಮೇಕೆ ಹಾಲನ್ನಂತೂ ಕುಡಿಯುತ್ತಲೇ ಇದ್ದರು. ವೀಗನ್ ಎಂಬ ಪದ ಹುಟ್ಟಿದ್ದೇ 1944ರಲ್ಲಿ, ಇಂಗ್ಲೆಂಡಿನಲ್ಲಿ.

ಮುಗಿಯದ ಹುಡುಕಾಟ

ಹಾಲಿಗೆ ಸರಿಸಮನಾದ, ಸುಲಭವಾಗಿ ಜೀರ್ಣವಾಗುವ ಸಸ್ಯಾಹಾರ ಯಾವುದು? ಅನುಭವವುಳ್ಳ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ ಎಂದು ಆತ್ಮಕಥೆಯಲ್ಲೇ ಕೇಳಿಕೊಂಡಿದ್ದರು. 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಮಾಡಿದರು. ಮೈ ಒಗ್ಗದೆ ಮತ್ತೆ ಮೇಕೆ ಹಾಲಿಗೆ ಬಂದರು. 1935ರಲ್ಲಿ ವಾರ್ಧಾದಲ್ಲಿ ಸೋಯಾ ಅವರೆಯನ್ನು ಪ್ರಯತ್ನಿಸಿ ಹರಿಜನ ಪತ್ರಿಕೆಯಲ್ಲಿ ಬರೆದರು. 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿದ್ದು ಆರೋಗ್ಯದ ಬಗ್ಗೆ ಬರೆಯುವಾಗ, ಸಸ್ಯಾಹಾರಿಗಳಿಗೆ ಹಾಲು ಬೇಕೇ ಬೇಕು ಎಂಬುದು ತಮ್ಮ ಅನುಭವ ಎಂದು ಒಪ್ಪಿಕೊಂಡರು. 1948ರ ಜನವರಿ 30ರಂದು ಅವರ ಹತ್ಯೆಯಾಯಿತು. ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಅದೇ 1948ರಲ್ಲಿ ಬಂದ ಉತ್ತರ

ಅದೇ ವರ್ಷ ಅಮೆರಿಕ ಮತ್ತು ಬ್ರಿಟನ್ನಿನ ಎರಡು ತಂಡಗಳು ಯಕೃತ್ತಿನಿಂದ ಒಂದು ಕೆಂಪು ವಸ್ತುವನ್ನು ಬೇರ್ಪಡಿಸಿದವು. ಅದೇ ವಿಟಮಿನ್ ಬಿ12. ರಕ್ತಕ್ಕೂ ನರಗಳಿಗೂ ಅದು ಬೇಕು. ಗಿಡಗಳು ಅದನ್ನು ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾ ಮಾತ್ರ ತಯಾರಿಸುತ್ತವೆ. ಹಸು, ಮೇಕೆಯ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾದಿಂದ ಅದು ಹಾಲಿಗೆ ಬರುತ್ತದೆ. ಮಾತ್ರೆಯಲ್ಲಿರುವ ಬಿ12 ಕೂಡ ಬ್ಯಾಕ್ಟೀರಿಯಾದಿಂದಲೇ ತಯಾರಾಗುತ್ತದೆ.

ಗಾಂಧೀಜಿಯ ಕಾಯಿಲೆಗೆ ಬಿ12 ಕೊರತೆಯೇ ಕಾರಣ ಎಂದು ನಾವು ಹೇಳುತ್ತಿಲ್ಲ. ಅವರಿಗಾದದ್ದು ಆಮಶಂಕೆ. ನಾವು ಹೇಳುವುದು ಇಷ್ಟೇ: ಅವರ ತಟ್ಟೆಯಲ್ಲಿ ಹಾಲೊಂದೇ ಇಲ್ಲವಾಗಿರಲಿಲ್ಲ. ಬೇಳೆಯನ್ನು ಬಿಟ್ಟಿದ್ದರು, ಐದೇ ಪದಾರ್ಥದ ಕಟ್ಟು ಇತ್ತು, ಬಿ12 ಎಂಬುದೊಂದು ಇದೆ ಎಂದೇ ಜಗತ್ತಿಗೆ ತಿಳಿದಿರಲಿಲ್ಲ. ಹಾಗಾಗಿ ಹಾಲಿಲ್ಲದೆ ಬದುಕಲಾಗದು ಎಂಬುದಕ್ಕೆ ಅವರ ಕಥೆ ಸಾಕ್ಷಿಯಲ್ಲ. ಯೋಜನೆಯಿಲ್ಲದೆ ಒಂದೊಂದೇ ಬಿಡುತ್ತಾ ಹೋದರೆ ಏನಾಗಬಹುದು ಎಂಬುದಕ್ಕೆ ಮಾತ್ರ ಎಚ್ಚರಿಕೆ.

ಈಗ ಶುರು ಮಾಡುವವರು ಏನು ಮಾಡಬೇಕು?

ಬಿಡುವುದು ಅರ್ಧ ಕೆಲಸ. ಆ ಜಾಗದಲ್ಲಿ ಏನಿಡುತ್ತೀರಿ ಎನ್ನುವುದು ಇನ್ನರ್ಧ.

ಬಿ12: ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಬೇಕೇ ಬೇಕು. ಇಡ್ಲಿ ಹಿಟ್ಟು ಹುಳಿ ಬಂದರೆ, ಸೊಪ್ಪು ತೊಳೆಯದೆ ತಿಂದರೆ, ಸ್ಪಿರುಲಿನಾ ನುಂಗಿದರೆ ಸಾಕು ಎಂಬ ಫಾರ್ವರ್ಡ್‌ಗಳನ್ನು ನಂಬಬೇಡಿ. ದೇಹದಲ್ಲಿ ಹಳೆಯ ದಾಸ್ತಾನು ಇರುವುದರಿಂದ ಕೊರತೆ ಕೂಡಲೇ ಗೊತ್ತಾಗದು. ಕೈಕಾಲು ಜೋಮು, ಸುಸ್ತು, ಮರೆವು ಕಾಣಿಸುವಷ್ಟರಲ್ಲಿ ತಡವಾಗಿರಬಹುದು. ನರಗಳಿಗಾದ ಹಾನಿ ಕೆಲವೊಮ್ಮೆ ಸರಿಹೋಗುವುದಿಲ್ಲ. ಶುರು ಮಾಡುವಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯ ಪ್ರಮಾಣವನ್ನು ವೈದ್ಯರಿಂದ ಕೇಳಿ.

ಕ್ಯಾಲ್ಸಿಯಂ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 120. ಆದರೆ ರಾಗಿಯದ್ದು ಪೂರ್ತಿ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿದರೆ ಹೆಚ್ಚು ಸಿಗುತ್ತದೆ. ಎಳ್ಳು, ಸೊಪ್ಪು ಜೊತೆಗಿರಲಿ.

ಪ್ರೋಟೀನ್: ಬೇಳೆ, ಹುರಳಿ, ಅವರೆ, ಕಡಲೆ, ಸೋಯಾ ದಿನಾ ಇರಲಿ. ಕಾಫಿಗೆ ಬಾದಾಮಿ ಹಾಲು ಹಾಕಬಹುದು, ಆದರೆ ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ. ಸೋಯಾ ಹಾಲು ಈ ವಿಷಯದಲ್ಲಿ ಮೇಲು.

ಮುದ್ದೆ ಬಸ್ಸಾರು, ಅಕ್ಕಿ ರೊಟ್ಟಿ ಹುಚ್ಚೆಳ್ಳು ಚಟ್ನಿ, ಹೆಸರುಬೇಳೆ ಕೋಸಂಬರಿ, ಒಗ್ಗರಣೆಗೆ ಎಣ್ಣೆ ಹಾಕಿದ ಹುಳಿ ಇವೆಲ್ಲ ಹೆಸರಿಲ್ಲದೆಯೇ ವೀಗನ್. ಹೋಟೆಲಿನಲ್ಲಿ ಮಾತ್ರ ಕೇಳಿ ತಿನ್ನಿ: ಪ್ಯೂರ್ ವೆಜ್ ಬೋರ್ಡ್ ಇದ್ದರೂ ದೋಸೆಗೆ ಬೆಣ್ಣೆ, ಖಾರಾಬಾತ್‌ಗೆ ತುಪ್ಪ ಬಿದ್ದಿರಬಹುದು.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು, ಮೆಟ್‌ಫಾರ್ಮಿನ್ ನುಂಗುವ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಕೊನೆಯ ಮಾತು

ಗಾಂಧೀಜಿ ವೀಗನ್ ಆಗಿದ್ದರೇ? ಸುಮಾರು ಆರು ವರ್ಷ ಹಾಲಿಲ್ಲದೆ ಇದ್ದರು, ಆಮೇಲೆ ಮೇಕೆ ಹಾಲಿಗೆ ಬಂದರು. ಹಾಲಿಲ್ಲದೆ ಯಾರೂ ಬದುಕಲಾರರೇ? ಬದುಕಬಹುದು, ಅವರಿಗೆ ಸಿಗದಿದ್ದ ತಿಳಿವಳಿಕೆ ಇಂದು ಔಷಧಿ ಅಂಗಡಿಯಲ್ಲಿ ಮಾತ್ರೆಯಾಗಿ ಸಿಗುತ್ತದೆ. ಆ ಎರಡು ಫಾರ್ವರ್ಡ್‌ಗಳಲ್ಲಿ ಯಾವುದು ನಿಮ್ಮ ಗ್ರೂಪಿಗೆ ಬಂದರೂ ಇದನ್ನು ಕಳಿಸಿ.