ಗ್ರಾಮಫೋನ್ ತಟ್ಟೆಗಳ ಅರಸರು

ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹೆದ್ದಾರಿ ಅತ್ತಿಬೆಲೆಯನ್ನು ದಾಟಿದೊಡನೆ ಹೊಸೂರು ಸಿಗುತ್ತದೆ. ಅಲ್ಲಿಂದ ಸುಮಾರು 50 ಕಿಲೋಮೀಟರು ಮುಂದೆ ಹೋದರೆ ಕೃಷ್ಣಗಿರಿ. ಈ ಸೀಮೆಯಲ್ಲಿ, ಡೆಂಕಣಿಕೋಟೆ, ತಳಿ ಕಡೆಯ ಹಳ್ಳಿಗಳಲ್ಲಿ, ತಮಿಳು ತೆಲುಗುಗಳ ನಡುವೆ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದವರು ಇಂದಿಗೂ ಇದ್ದಾರೆ. ಅವರ ಸ್ಥಿತಿ ಎಂಥದೆಂದು ಕಾಸರಗೋಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅವರು ಮದರಾಸಿನಲ್ಲಿಯೇ ಉಳಿದರು. ಅದೇ ದಿನ ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಅಧಿಕಾರ ವಹಿಸಿಕೊಂಡವರು ಜಯಚಾಮರಾಜ ಒಡೆಯರು.

ಎಂಟು ವರ್ಷಗಳ ಬಳಿಕ, 1964ರಲ್ಲಿ, ಅದೇ ಒಡೆಯರು ಮದರಾಸು ರಾಜ್ಯಕ್ಕೆ ರಾಜ್ಯಪಾಲರಾಗಿ ಹೋದರು. ಆಗ ಹೊಸೂರು, ಕೃಷ್ಣಗಿರಿಗಳು ಸೇಲಂ ಜಿಲ್ಲೆಯ ತಾಲೂಕುಗಳು. ಒಂದು ಕಾಲಕ್ಕೆ ಮೈಸೂರಿನದಾಗಿದ್ದು, 1792ರಲ್ಲಿ ಕೃಷ್ಣಗಿರಿಯ ಕಡೆಯದೂ 1799ರಲ್ಲಿ ಹೊಸೂರಿನ ಕಡೆಯದೂ ಇಂಗ್ಲಿಷರ ಪಾಲಾಗಿದ್ದ ನೆಲ ಅದು. ಮೈಸೂರನ್ನು ಆಳಿದ ಕೊನೆಯ ಅರಸರು ಆ ನೆಲಕ್ಕೆ ಅರಸರಾಗಿ ಅಲ್ಲ, ಪ್ರಜಾರಾಜ್ಯದ ಪ್ರತಿನಿಧಿಯಾಗಿ ಬಂದರು. ಚರಿತ್ರೆ ಹೀಗೂ ಒಮ್ಮೊಮ್ಮೆ ತಿರುಗುವುದುಂಟು.

ಆದರೆ ಇಂದು ನಾವು ಹೇಳಹೊರಟಿರುವುದು ಒಡೆಯರ ಅಧಿಕಾರದ ಕತೆಯನ್ನಲ್ಲ, ಅವರ ಕಿವಿಯ ಕತೆಯನ್ನು. ಮನೆಯಲ್ಲಿ ಕುಳಿತು ಸಂಗೀತ ಕೇಳಲು ತಟ್ಟೆ ಒಳ್ಳೆಯದೋ, ಟೇಪು ಒಳ್ಳೆಯದೋ, ಹೊಸ ಕಾಲದ ಡಿಜಿಟಲ್ ಧ್ವನಿ ಒಳ್ಳೆಯದೋ ಎಂಬ ಚರ್ಚೆ ಸಂಗೀತಪ್ರಿಯರು ನಾಲ್ಕು ಮಂದಿ ಸೇರಿದಲ್ಲೆಲ್ಲ ಏಳುತ್ತದೆ. ಈ ಪ್ರಶ್ನೆಗೆ ಒಡೆಯರ ಬದುಕಿನಲ್ಲಿ ಒಂದು ಉತ್ತರವಿದೆಯೆಂದು ನಮಗೆ ತೋರುತ್ತದೆ.

ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಆಗ ವೀಣೆ, ಪಿಟೀಲುಗಳ ಜೊತೆಗೆ ಪಾಶ್ಚಾತ್ಯ ವಾದ್ಯಮೇಳವೂ ಇತ್ತು. 1902ರಲ್ಲಿ ಕಲಕತ್ತೆಯಲ್ಲಿ, ನಮ್ಮ ದೇಶದ ಮೊತ್ತಮೊದಲ ಗ್ರಾಮಫೋನ್ ಮುದ್ರಣಗಳ ಕಾಲದಲ್ಲಿಯೇ ತುತ್ತೂರಿಯಂಥ ಕೊಳವೆಯ ಮುಂದೆ ನಿಂತು ಹಾಡಿ ಹೆಸರಾಗಿದ್ದ ಗೌಹರ್ ಜಾನ್ ಅವರು ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಈ ಆಸ್ಥಾನದಲ್ಲಿ. 1930ರ ಜನವರಿಯಲ್ಲಿ ಅವರು ಮೈಸೂರಿನಲ್ಲಿಯೇ ತೀರಿಕೊಂಡಾಗ ರಾಜಕುಮಾರರಿಗೆ ಹತ್ತು ವರ್ಷ.

ಬಾಲ್ಯದಿಂದಲೇ ರಾಜಕುಮಾರರ ಬೆರಳು ಪಿಯಾನೊ ಮೇಲೆ ಓಡಾಡಿತು. 1938ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದು, ಮರುವರ್ಷ ಯುರೋಪು ಸುತ್ತಿ ಬಂದರು. ಸಭೆಯಲ್ಲಿ ಪಿಯಾನೊ ನುಡಿಸುವ ಕಲಾವಿದನಾಗಬೇಕೆಂಬ ಹಂಬಲ ಅವರಿಗಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆಯವರೂ ಆಗಸ್ಟಿನಲ್ಲಿ ದೊಡ್ಡಪ್ಪನವರೂ ತೀರಿಕೊಂಡರು. ಸಪ್ಟೆಂಬರಿನಲ್ಲಿ, 21ನೆಯ ವಯಸ್ಸಿಗೆ, ಸಿಂಹಾಸನವೇರಬೇಕಾಯಿತು. ಲಂಡನ್ನಿನ ಸಂಗೀತ ಶಾಲೆಗಳ ಮನ್ನಣೆಗಳು ಬಳಿಕ ಬಂದವು ನಿಜ. ಆದರೆ ವೇದಿಕೆಯ ಪಿಯಾನೊ ಮಾತ್ರ ಕೈತಪ್ಪಿತು. ನುಡಿಸುವವರಾಗಬೇಕಿದ್ದವರು ಕೇಳುವವರಾದರು.

ಕೇಳುವುದರಲ್ಲಿ ಅವರು ಅರೆಮನಸ್ಸಿನವರಾಗಿರಲಿಲ್ಲ. ಅರಮನೆಯಲ್ಲಿ ಅವರು ಕೂಡಿಹಾಕಿದ್ದ ಗ್ರಾಮಫೋನ್ ತಟ್ಟೆಗಳ ಸಂಖ್ಯೆ ಸುಮಾರು 20,000 ಎಂದು ಆ ಕಾಲದ ಅಂದಾಜು. ಯುದ್ಧ ಮುಗಿದ ಬಳಿಕ ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಎಂಬವರು ಆಹ್ವಾನದ ಮೇಲೆ ಮೈಸೂರಿಗೆ ಬಂದು ಕೆಲವು ವಾರ ಉಳಿದರು. ಗಂಭೀರ ಸಂಗೀತದಲ್ಲಿ ಮುದ್ರಣವಾದದ್ದೆಲ್ಲವೂ ಇಲ್ಲಿದೆಯೆನ್ನುವಷ್ಟು ದೊಡ್ಡ ಸಂಗ್ರಹ, ಬಗೆಬಗೆಯ ಧ್ವನಿವರ್ಧಕಗಳು, ಸಾಲದ್ದಕ್ಕೆ ಹಲವು ದೊಡ್ಡ ಪಿಯಾನೊಗಳು ಇವನ್ನೆಲ್ಲ ಕಂಡು ಅವರು ಬೆರಗಾದರು. ಆಗ ಮಹಾರಾಜರಿಗೆ ಇನ್ನೂ 30 ತುಂಬಿರಲಿಲ್ಲ.

ಬಗೆಬಗೆಯ ಧ್ವನಿವರ್ಧಕಗಳಿದ್ದುವೆಂದರೆ ಒಂದೇ ತಟ್ಟೆಯನ್ನು ಒಂದರಲ್ಲಿ ಕೇಳಿ, ಇನ್ನೊಂದರಲ್ಲಿ ಕೇಳಿ, ಯಾವುದು ಪಿಯಾನೊವನ್ನು ಪಿಯಾನೊ ಆಗಿಯೇ ಕೇಳಿಸುತ್ತದೆಂದು ತೂಗಿನೋಡುವ ಅನುಕೂಲ ಅಲ್ಲಿತ್ತು. ನಿಜವಾದ ಪಿಯಾನೊ ಪಕ್ಕದಲ್ಲಿಯೇ ಇತ್ತಷ್ಟೆ. ಇಂಥ ಅನುಕೂಲ ಇಂದಿನ ಸಿರಿವಂತರ ಮನೆಗಳಲ್ಲಿಯೂ ಅಪರೂಪ.

ಆದರೆ ಧ್ವನಿವರ್ಧಕಕ್ಕೆ ಹೋಗುವುದು ತಟ್ಟೆಯಲ್ಲಿ ಇದ್ದದ್ದೇ ಅಲ್ಲವೆ? ಆಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ. ಅರಗು ನಮ್ಮ ದೇಶದ್ದೇ; ಅದಕ್ಕೆ ಕಲ್ಲಿನ ನುಣುಪು ಪುಡಿ ಬೆರೆಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ಆ ಪುಡಿಯೇ ಮುಳ್ಳಿಗೆ ಉಜ್ಜಿ ಕರಕರ ಸದ್ದು ಬರುತ್ತಿತ್ತು. ದೊಡ್ಡ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕು, ಹೆಚ್ಚೆಂದರೆ ಐದು ನಿಮಿಷ. ಅರ್ಧ ಗಂಟೆಯ ಕೃತಿಯೊಂದನ್ನು ಕೇಳಲು ನಾಲ್ಕು ತಟ್ಟೆ ಬೇಕು, ನಡುವೆ ಏಳು ಸಲ ಎದ್ದು ಮಗ್ಗುಲು ಬದಲಿಸಬೇಕು. ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲದು. ಸಾಮಾನ್ಯ ಅರಗಿನ ತಟ್ಟೆಯಲ್ಲಿ 8,000ದ ಆಚೆಗೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ನಮ್ಮ ಆಟದ ಚಕ್ರತಾಳದ ಝೇಂಕಾರ ಅಂಥ ತಟ್ಟೆಯಲ್ಲಿ ಬರೀ ಟಣ್ ಎಂಬ ಪೆಟ್ಟಾಗಿ ಬರುತ್ತಿತ್ತೆಂದು ಊಹಿಸಿಕೊಂಡರೆ ಸಾಕು.

ಹಾಗಿದ್ದರೂ ಅದೇ ಕಾಲದ ಹೊಸೂರು, ಕೃಷ್ಣಗಿರಿಯ ಕನ್ನಡ ಮನೆಗೆ ಹೋಲಿಸಿದರೆ ಅದು ಬೇರೆಯೇ ಲೋಕ. ಅಲ್ಲಿಗೆ ಕನ್ನಡದ ದನಿ ತಲುಪಬೇಕಾದರೆ ರೇಡಿಯೋ ಒಂದೇ ದಾರಿ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಪುಟ್ಟ ಕೇಂದ್ರಕ್ಕೆ ಆಕಾಶವಾಣಿಯೆಂಬ ಹೆಸರು ಬಂತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಮಧ್ಯಮ ತರಂಗದಲ್ಲಿ ಬರುವ ನಾದಕ್ಕೆ ಸುಮಾರು 5,000 ಕಂಪನಗಳೇ ಮಿತಿ, ಅಂದರೆ ಅರಗಿನ ತಟ್ಟೆಗಿಂತಲೂ ಕಡಿಮೆ. ಮಳೆಗಾಲದಲ್ಲಿ ಸಿಡಿಲಿನ ಪಟಪಟ ಬೇರೆ. ಗುಣಮಟ್ಟದ ಅಳತೆಗೋಲಿನಲ್ಲಿ ಅದು ಕಡೆಯದು. ಆದರೆ ಗಡಿ ದಾಟಿ ಬಂದದ್ದು ಅದೇ.

ಇಲ್ಲಿ ಒಡೆಯರ ಬದುಕಿನ ಮುಖ್ಯ ಸಂಗತಿಗೆ ಬರುತ್ತೇವೆ. ಅಷ್ಟು ತಟ್ಟೆಗಳಿದ್ದರೂ ತಮಗೆ ಪ್ರಿಯವಾದ ಕೆಲವು ಕೃತಿಗಳು ಅವುಗಳಲ್ಲಿ ಇಲ್ಲದ್ದನ್ನು ಅವರು ಕಂಡರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರರು, 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು, ದೇಶ ಬಿಟ್ಟು ಬಂದು ಲಂಡನ್ನಿನಲ್ಲಿ ಮುಪ್ಪನ್ನು ಕಳೆಯುತ್ತಿದ್ದರು. ಕೈಯಲ್ಲಿ ಹಣವಿಲ್ಲ, ಹೃದಯದ ಕಾಯಿಲೆ ಬೇರೆ. ಅವರ ಕೃತಿಗಳನ್ನು ಅವರೇ ನುಡಿಸಿ ಮುದ್ರಿಸುವ ಖರ್ಚನ್ನು ಮಹಾರಾಜರು ವಹಿಸಿಕೊಂಡರು. 1947ರಲ್ಲಿ ಮೂರು ಪಿಯಾನೊ ಕಂಚೆರ್ಟೊಗಳು ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮುದ್ರಣಗೊಂಡವು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರು ಮೆಟ್ನರರ ಹಾಡುಗಳನ್ನು ಹಾಡಿದರು. ಪಿಯಾನೊದಲ್ಲಿ ಕುಳಿತವರು ಮೆಟ್ನರರೇ. ಮುದುಕರು ತಮ್ಮ ಮೂರನೆಯ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ಮುದ್ರಣಗಳು ಕೆಲವು ವರ್ಷ ತಡವಾಗಿದ್ದರೆ ಮೆಟ್ನರರ ಕೈಯಿಂದಲೇ ಬಂದ ಆ ನಾದ ಜಗತ್ತಿಗೆ ಉಳಿಯುತ್ತಿರಲಿಲ್ಲ.

ಲೆಗ್ ಅವರು 1945ರಲ್ಲಿ ಕಟ್ಟಿದ್ದ ಫಿಲ್ಹಾರ್ಮೋನಿಯಾಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮಹಾರಾಜರು ಒಪ್ಪಿದರು. ಆಗಿನ ವಿನಿಮಯದಲ್ಲಿ ಅದು ವರ್ಷಕ್ಕೆ 1,33,000 ರೂಪಾಯಿಗೂ ಮೇಲು. ಅದರ ಬಲದಿಂದ ಬಾಲಾಕಿರೆಫ್, ರೂಸೆಲ್ ಮೊದಲಾದವರ ಅಪರೂಪದ ಕೃತಿಗಳು ಹರ್ಬರ್ಟ್ ಫಾನ್ ಕರಯಾನರ ನೇತೃತ್ವದಲ್ಲಿ ತಟ್ಟೆಗಳಾದವು. ಮೈಸೂರಿನ ಹಣ ಲಂಡನ್ನಿಗೇಕೆ ಹೋಗಬೇಕಿತ್ತೆಂದು ಕೇಳುವವರು ಕೇಳಬಹುದು. ಆ ಪ್ರಶ್ನೆ ತಪ್ಪೆಂದು ನಾವು ಹೇಳೆವು. 1947 ಮೈಸೂರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ಜನ ಬೀದಿಗಿಳಿದ ವರ್ಷ. ಆದರೆ ಹಣ ಹೋದ ದಾರಿಯನ್ನು ಗಮನಿಸಬೇಕು. ಇನ್ನಷ್ಟು ಬೆಲೆಬಾಳುವ ಯಂತ್ರಕ್ಕಲ್ಲ, ನುಡಿಸುವವರ ಬಳಿಗೆ ಹೋಯಿತು. ನಾದ ಹುಟ್ಟುವ ಜಾಗ ಬಡವಾಗಿದ್ದರೆ ಕೇಳುವ ಯಂತ್ರ ಎಷ್ಟು ದೊಡ್ಡದಾದರೂ ಫಲವಿಲ್ಲವೆಂದು ಅರಿತ ಮನುಷ್ಯ ಮಾಡುವ ವೆಚ್ಚ ಅದು.

ಇನ್ನೊಂದು ಘಟನೆ. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ತಮ್ಮ ಕಡೆಗಾಲದಲ್ಲಿ ನಾಲ್ಕು ಹಾಡುಗಳನ್ನು ರಚಿಸಿದ್ದರು. ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರೇ ಅವನ್ನು ಮೊದಲು ಹಾಡಬೇಕೆಂದು ಅವರ ಆಸೆಯಿತ್ತು. 1949ರಲ್ಲಿ ಸ್ಟ್ರಾಸ್ ತೀರಿಕೊಂಡರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರರ ನೇತೃತ್ವದಲ್ಲಿ ಆ ಗಾಯನ ನಡೆಯಿತು. ಹಣದ ಭರವಸೆ ಮೈಸೂರು ಮಹಾರಾಜರದು. ಅವರ ಸಂಗ್ರಹಕ್ಕಾಗಿ ಕಛೇರಿಯನ್ನು ಅಸಿಟೇಟ್ ತಟ್ಟೆಗಳ ಮೇಲೆ ಮುದ್ರಿಸಲಾಯಿತು.

ಅಸಿಟೇಟ್ ತಟ್ಟೆಯ ಗುಣ ಬೇರೆ. ಅಲ್ಯುಮಿನಿಯಂ ತಟ್ಟೆಯ ಮೇಲೆ ಮೆತ್ತನೆಯ ಲೇಪ. ಅದರ ಮೇಲೆ ಯಂತ್ರ ನೇರವಾಗಿ ಗೆರೆ ಕೊರೆಯುತ್ತದೆ. ಹೊಸದರಲ್ಲಿ ಅದರ ನಾದ ಅರಗಿನ ತಟ್ಟೆಗಿಂತ ಎಷ್ಟೋ ಶುದ್ಧ. ಆದರೆ ಪ್ರತಿ ಸಲ ನುಡಿಸಿದಾಗಲೂ ಮುಳ್ಳು ಲೇಪವನ್ನು ಒಂದಿಷ್ಟು ಕೆರೆದುಕೊಂಡೇ ಹೋಗುತ್ತದೆ. ಮುಂದೆ ಲಾಂಗ್ ಪ್ಲೇ ತಟ್ಟೆಗೆ ಇಳಿಸುವ ಹೊತ್ತಿಗೆ ಈ ತಟ್ಟೆಗಳು ತೀರ ಸವೆದಿದ್ದವು. ಹೊರಬಂದ ಮುದ್ರಣ ಕಳಪೆಯೆಂದು ಕೇಳಿದವರೆಲ್ಲ ನಿರಾಶರಾದರು. ಜಗತ್ತಿನಲ್ಲಿ ಮೊದಲ ಸಲ ಆ ಹಾಡುಗಳನ್ನು ಹಾಡಿದ ದನಿ ಗೊರಗೊರ ಸದ್ದಿನ ಕೆಳಗೆ ಹೂತುಹೋಗಿತ್ತು. 2007ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ಧ್ವನಿತಜ್ಞರು ಡಿಜಿಟಲ್ ವಿಧಾನದಿಂದ ಅದನ್ನು ತಕ್ಕಮಟ್ಟಿಗೆ ಶುದ್ಧಗೊಳಿಸಿದರು. ಸದ್ದನ್ನು ತಗ್ಗಿಸಿದರು, ಸವೆದುಹೋದದ್ದನ್ನು ಪೂರ್ತಿ ತರುವ ವಿದ್ಯೆ ಯಾರಲ್ಲಿಯೂ ಇಲ್ಲ.

ಕಾಲ ಮುಂದೆ ಸಾಗಿತು. 1948ರಲ್ಲಿ ಅಮೆರಿಕದಲ್ಲಿ ಬಂದ ಲಾಂಗ್ ಪ್ಲೇ ತಟ್ಟೆಯ ಒಂದೊಂದು ಮಗ್ಗುಲಿಗೆ 20 ನಿಮಿಷ ಮೀರಿ ಹಿಡಿಸಿತು. ವಿನೈಲಿನಿಂದಾಗಿ ಕರಕರವೂ ಇಳಿಯಿತು. 1963ರಲ್ಲಿ ಕ್ಯಾಸೆಟ್ ಬಂತು. ನಾದದಲ್ಲಿ ತಟ್ಟೆಗಿಂತ ಒಂದು ಮೆಟ್ಟಿಲು ಕೆಳಗಾದರೂ ಬಡವನ ಮನೆಯಲ್ಲಿಯೂ ಮುದ್ರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟದ್ದು ಅದು. 1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕು ಸೆಕೆಂಡಿಗೆ 44,100 ಸಲ ನಾದವನ್ನು ಅಳೆದು ಅಂಕೆಗಳಾಗಿ ಬರೆಯುತ್ತದೆ. ಮುಳ್ಳೇ ಇಲ್ಲದ್ದರಿಂದ ಸವೆತವೂ ಇಲ್ಲ. ಒಡೆಯರು ಇದನ್ನು ಕಾಣಲಿಲ್ಲ.

ಕರ್ನಾಟಕ ಸಂಗೀತದಲ್ಲಿ ಅವರ ಸಾಧನೆಯೂ ಸಣ್ಣದಲ್ಲ. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿ ಶ್ರೀವಿದ್ಯಾ ಎಂಬ ಅಂಕಿತವಿಟ್ಟರು. ಎರಡು ಸಂಗೀತಗಳನ್ನೂ ಒಂದೇ ಶ್ರದ್ಧೆಯಿಂದ ಕೇಳಿದ ಕಿವಿ ಅದು. 1966ರಲ್ಲಿ ಮದರಾಸಿನ ರಾಜ್ಯಪಾಲ ಹುದ್ದೆಯಿಂದ ಬಿಡುಗಡೆ ಹೊಂದಿದರು. 1971ರಲ್ಲಿ ರಾಜಧನವೂ ರದ್ದಾಯಿತು. 1974ರ ಸಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಅವರ ಬದುಕಿನಿಂದ ನಾವು ಕಲಿಯಬೇಕಾದದ್ದು ಎರಡು. ಒಂದು, ಯಾವ ಯಂತ್ರ ಒಳ್ಳೆಯದೆಂದು ಕೇಳುವ ಮೊದಲು ಯಂತ್ರಕ್ಕೆ ಹಾಕುವ ಮುದ್ರಣ ಹೇಗಿದೆಯೆಂದು ಕೇಳಬೇಕು. ಕೆಟ್ಟ ಮುದ್ರಣವನ್ನು ಒಳ್ಳೆಯ ಧ್ವನಿವರ್ಧಕ ಇನ್ನಷ್ಟು ಸ್ಪಷ್ಟವಾಗಿ ಕೆಟ್ಟದಾಗಿಯೇ ಕೇಳಿಸುತ್ತದೆ. ಎರಡು, ಒಂದೇ ಪ್ರತಿ ಇರುವ ನಾದವನ್ನು ನುಡಿಸಿ ಸವೆಸಬಾರದು. ಮೊದಲು ನಕಲು ತೆಗೆದಿಟ್ಟು, ನಕಲನ್ನು ಕೇಳಬೇಕು.

ಈ ಎರಡನೆಯ ಮಾತು ಅರಮನೆಯವರಿಗಿಂತ ನಮಗೇ ಹೆಚ್ಚು ಅನ್ವಯಿಸುತ್ತದೆ. ಕಾಸರಗೋಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ತಾಳಮದ್ದಳೆಯ, ಆಟದ ಕ್ಯಾಸೆಟ್ಟುಗಳಿವೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ, ಹಳೆಯ ಭಾಗವತರ ಪದ, ದೇವಸ್ಥಾನದ ಅಂಗಳದಲ್ಲಿ ಯಾರೋ ಅಭಿಮಾನಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಒಂದು ರಾತ್ರಿಯ ಪ್ರಸಂಗ ಹೀಗೆ ಇನ್ನೆಲ್ಲಿಯೂ ಸಿಗದ ಪ್ರತಿಗಳು ಅವು. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ, ಮೇಲಿನ ಲೇಪ ಉದುರುತ್ತದೆ. ಹೊಸೂರು, ಕೃಷ್ಣಗಿರಿಯ ಹಳ್ಳಿಗಳಲ್ಲಿ ಅಜ್ಜಿಯರ ಬಾಯಲ್ಲಿ ಉಳಿದಿರುವ ಕನ್ನಡ ಹಾಡುಗಳಿಗೆ ಎಷ್ಟೋ ಕಡೆ ಅಷ್ಟರ ಆಧಾರವೂ ಇರಲಾರದು. ಇಂದು ಕೈಯಲ್ಲಿರುವ ಫೋನಿನಲ್ಲಿಯೇ 78 ಸುತ್ತಿನ ತಟ್ಟೆಗಿಂತ ಉತ್ತಮವಾಗಿ ಮುದ್ರಿಸಬಹುದು. ಅರಸರ ಹಣ ಬೇಡ, ಒಂದು ಮಧ್ಯಾಹ್ನದ ಬಿಡುವು ಸಾಕು. ಬರುವ ಮಳೆಗಾಲಕ್ಕೆ ಮೊದಲು ಅಟ್ಟ ಹತ್ತಿ ಆ ಪೆಟ್ಟಿಗೆಯನ್ನು ಇಳಿಸಿರೆಂದು ನಮ್ಮ ಓದುಗರಲ್ಲಿ ನಮ್ಮ ವಿನಂತಿ.